ಗೋದಾಕಾಠದ ಗುರೂಜಿ

ಫಲಟಣದ ಅಧ್ಯಾಪಕ ವಿದ್ಯಾಲಯದಲ್ಲಿ ಡಿ.ಎಡ್. ಓದಿ ಬಂದವರನ್ನು ಎಲ್ಲಿದ್ದರೂ ಗುರುತು ಹಿಡಿಯಬಹುದು ಎಂದು ಸಾತಾರಾ ಜಿಲ್ಲೆಯ ಹಳೆಯ ಮುಖ್ಯಾಧ್ಯಾಪಕರು ಹೇಳುತ್ತಿದ್ದರು. ಅವರು ಮಗುವಿಗೆ ಪ್ರಶ್ನೆ ಕೇಳಿ ಬಾಯಿ ಮುಚ್ಚಿಕೊಂಡು ನಿಲ್ಲುತ್ತಾರೆ. ಮಗು ತಲೆ ಕೆರೆದುಕೊಳ್ಳಲಿ, ಛಾವಣಿ ನೋಡಲಿ, ಪಕ್ಕದವನ ಅಂಗಿ ಎಳೆಯಲಿ, ಉತ್ತರ ಬರುವ ತನಕ ತಾವಾಗಿ ತುಟಿ ಬಿಚ್ಚುವುದಿಲ್ಲ. ಈ ಅಭ್ಯಾಸವನ್ನು ಅವರಿಗೆ ಹಚ್ಚಿದವರು ಇಂದುಮತಿ ಇಂಗವಲೆ.

ಇಂಗವಲೆ ಬಾಯಿ ಎಂದೇ ಎಲ್ಲರೂ ಕರೆಯುತ್ತಿದ್ದರು; ಆ ಸೀಮೆಯಲ್ಲಿ ಮಾಸ್ತರ್ತಿಗೆ ಬಾಯಿ ಎನ್ನುತ್ತಾರೆ. ಮಾಸ್ತರಿಕೆ ಕಲಿಯುವ ಮಕ್ಕಳು ಪಕ್ಕದ ಜಿಲ್ಲಾ ಪರಿಷತ್ ಶಾಲೆಗೆ ಅಭ್ಯಾಸ ಪಾಠಕ್ಕೆಂದು ಹೋದಾಗ ಬಾಯಿ ಕೊನೆಯ ಬೆಂಚಿನಲ್ಲಿ, ಮೂರನೆಯ ತರಗತಿಯ ಪುಟ್ಟ ಮಕ್ಕಳ ಪಕ್ಕ ಮೊಣಕಾಲು ಮಡಚಿಕೊಂಡು ಕೂರುತ್ತಿದ್ದರು. ಕೈಯಲ್ಲಿ ಒಂದು ಪೆನ್ಸಿಲು. ಪಾಠ ಮುಗಿದ ಮೇಲೆ ಹುಣಸೇಮರದ ಕೆಳಗೆ ನಿಲ್ಲಿಸಿ ಹೇಳುತ್ತಿದ್ದರು. "ನೀ ಕರೀಹಲಗಿ ಜೋಡಿ ಮಾತಾಡಿದಿ. ಮಕ್ಕಳು ಅಲ್ಲೇ ಇದ್ರು ಅನ್ನೂದು ನಿನಗ ಗೊತ್ತಿತ್ತೇನು?" ಇಷ್ಟೇ. ಬೈದಂತೆ ಇರುತ್ತಿರಲಿಲ್ಲ, ಆದರೆ ಎಷ್ಟೋ ಹುಡುಗಿಯರು ಆ ಹುಣಸೇಮರದ ಕೆಳಗೇ ಅತ್ತಿದ್ದರು. ಅತ್ತವರು ಮುಂದೆ ಒಳ್ಳೆಯ ಮಾಸ್ತರ್ತಿಯರಾದರು ಎಂದು ಬಾಯಿ ನಂಬಿದ್ದರು. ಆಗದವರ ಸುದ್ದಿ ಅವರವರೆಗೆ ಬರುತ್ತಿರಲಿಲ್ಲ.

ಒಂದು ಕಾಲಕ್ಕೆ ಆ ವಿದ್ಯಾಲಯದಲ್ಲಿ ಸೀಟು ಸಿಗಬೇಕಾದರೆ ಶಾಸಕರ ಚೀಟಿ ಬೇಕಾಗಿತ್ತು. ಮಾಸ್ತರರ ನೇಮಕಾತಿ ನಿಂತು ವರ್ಷಗಳಾದ ಮೇಲೆ ಯಾರೂ ಬರುವವರಿಲ್ಲದಾಯಿತು. ದೊಡ್ಡ ಸಭಾಗೃಹದ ಮೂಲೆಯಲ್ಲಿ ಒಂದಿಷ್ಟು ಹುಡುಗಿಯರು, ಇಬ್ಬರೋ ಮೂವರೋ ಹುಡುಗರು. ಬಾಯಿಯ ಜೊತೆಗಿದ್ದವರು ನಿವೃತ್ತರಾದರು, ಕೆಲವರು ಬೇರೆಡೆ ಹೋದರು. ಬಾಯಿ ಉಳಿದರು. ಉಳಿದವರಲ್ಲಿ ತಾನೇ ದೊಡ್ಡವಳು ಎಂಬ ಒಂದು ಸಣ್ಣ ಸಮಾಧಾನವೂ ಅವರಲ್ಲಿ ಉಳಿದಿತ್ತು.

ಆ ಸಮಾಧಾನಕ್ಕೆ ಮೊದಲ ಪೆಟ್ಟು ಬಿದ್ದದ್ದು ತೇಜಲ್ ಎಂಬ ಹುಡುಗಿಯ ಅಭ್ಯಾಸ ಪಾಠದ ದಿನ.

ತೇಜಲ್ ಸಾಧಾರಣ ಹುಡುಗಿ. ಅವಳ ಪಾಠಕ್ಕೆ ಕೂರುವಾಗ ಬಾಯಿಗೆ ಆಕಳಿಕೆ ಬರುತ್ತಿತ್ತು. ಆ ದಿನ ಅವಳು ಒಳಗೆ ಬಂದವಳೇ ಕಿವಿಗೆ ಕೈ ಹಚ್ಚಿ, ತಲೆ ಓರೆ ಮಾಡಿ, "ಯಾರೋ ಕರದಂಗ ಆತಲ್ಲ! ಯಾರು? ಏಳರ ಮಗ್ಗಿನೇ?" ಎಂದಳು. ಮಕ್ಕಳು ಕಿಲಕಿಲ ನಕ್ಕವು. ಆಮೇಲೆ ಚಪ್ಪಾಳೆ, ಎರಡು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಮುಂದೆ. ಪಾಠ ಮುಗಿಯುವುದರೊಳಗೆ ಬಾಯಿಯ ಪಕ್ಕ ಕೂತಿದ್ದ ಮೂಗು ಸುರಿಸುವ ಪೋರಿಯೂ ಏಳರ ಮಗ್ಗಿ ಹಾಡುತ್ತಿದ್ದಳು.

ಹುಣಸೇಮರದ ಕೆಳಗೆ ಬಾಯಿ ಕೇಳಿದರು. "ಎಲ್ಲಿಂದ ಕಲ್ತಿ ಇದನ್ನ?"

"ಶರ್ವರಿ ಬಾಯಿದು ವಿಡಿಯೋ ಐತಲ್ರಿ. ನೀವು ನೋಡಿಲ್ಲೇನ್ರಿ?" ತೇಜಲ್‌ಗೆ ಆಶ್ಚರ್ಯ. "ನಾವೆಲ್ಲಾ ಅದನ್ನ ನೋಡಿನ ಪಾಠ ತಯಾರ ಮಾಡ್ತೀವ್ರಿ. ಲಕ್ಷಗಟ್ಟಲೆ ಮಂದಿ ನೋಡ್ತಾರ್ರಿ."

"ಯಾವ ಶರ್ವರಿ?"

"ಶರ್ವರಿ ಕಾಳೇಲ. ನಮ್ಮ ಕಾಲೇಜಿನಾಗನ ಕಲ್ತಾರಂತ. ನಿಮ್ಮ ಕೈಯಾಗ." ತೇಜಲ್ ಸ್ವಲ್ಪ ತಡೆದು, ಒಳ್ಳೆಯ ಮನಸ್ಸಿನಿಂದಲೇ ಸೇರಿಸಿದಳು. "ಟಿ.ವಿ.ಯವರು ಅವರನ್ನ ಕೇಳಿದ್ರು ನೋಡ್ರಿ, ಕಲಸೂದು ನಿಮಗ ಯಾರು ಕಲಿಸಿದ್ರು ಅಂತ. ನೀವು ಅಂತ ಹೇಳ್ತಾರಂತ ನಾವೆಲ್ಲಾ ಕಾಯ್ಕೋತ ಕುಂತಿದ್ವಿ. 'ನನ್ನ ಶಾಲಿ ಮಕ್ಕಳ ಕಲಿಸಿದ್ರು' ಅಂದ್ರು."

ಬಾಯಿ ಪೆನ್ಸಿಲನ್ನು ಚೀಲಕ್ಕೆ ಹಾಕಿದರು. "ಹಲಗಿ ಮ್ಯಾಲಿನ ಅಕ್ಷರ ಸಣ್ಣ ಆಗಾಕತ್ತಾವ ನಿನ್ನವು," ಎಂದು ಹೇಳಿ ಹೊರಟುಬಿಟ್ಟರು.

ಶರ್ವರಿ ಕಾಳೇಲ ಅವರಿಗೆ ನೆನಪಿದ್ದಳು. ಮಾಣ ತಾಲೂಕಿನ ಒಣ ಸೀಮೆಯಿಂದ ಬಂದ ಕಡ್ಡಿಯಂಥ ಹುಡುಗಿ. ಪಾಠದ ನಡುವೆ ಹಾಡುವುದು, ಕುಣಿಯುವುದು ಅವಳ ಚಾಳಿ. "ನೀ ಹಾಡ್ತಿ, ಕಲಸೂದಿಲ್ಲ. ಹಾಡೂ ಮುಂದ ನಿನಗ ನೀನ ಕಾಣಸ್ತಿ, ಮಗು ಕಾಣಸೂದಿಲ್ಲ," ಎಂದು ಬಾಯಿ ಅವಳಿಗೆ ಹೇಳಿದ್ದುಂಟು. ಅವಳು ಅಳಲಿಲ್ಲ. ಅದೇ ಬಾಯಿಗೆ ಇಷ್ಟವಾಗಿರಲಿಲ್ಲ.

ಮನೆಗೆ ಬಂದರೆ ಅಲ್ಲೂ ಶರ್ವರಿ! ಗಂಡ ಭಾಸ್ಕರರಾವ್ ಎಸ್.ಟಿ. ಬಸ್ ಡಿಪೋದಿಂದ ನಿವೃತ್ತರಾದವರು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತ, ಗೋಡೆಗೆ ಆನಿಸಿಟ್ಟ ಮೊಬೈಲು ನೋಡಿ ನಗುತ್ತಿದ್ದರು.

"ಇಂದೂ, ಬಾ ಇಲ್ಲೆ. ಡಿಪೋದ ಗೆಳ್ಯಾರು ಹೇಳಿದ್ರಂತ ಹುಡುಕಿದೆ ನೋಡು. ಏನ್ ಛಂದ ಕಲಸ್ತಾಳ ಈ ಹುಡುಗಿ! ಇಂಥಾಕಿ ನನಗ ಮಾಸ್ತರ್ತಿ ಆಗಿದ್ರ ನಾ ಕಂಡಕ್ಟರ್ ಆಗ್ತಿದ್ದಿಲ್ಲ, ಕಲೆಕ್ಟರ್ ಆಗ್ತಿದ್ದೆ."

"ಅಹೋ, ಬಳ್ಳೊಳ್ಳಿ ಅರ್ಧಾ ಸಿಪ್ಪಿ ಸಮೇತ ಹಾಕೀರಿ," ಎಂದರು ಬಾಯಿ.

"ಸಿಪ್ಪಿ ನಾ ತಗೀತೀನಿ. ನೀ ಮಾರಿ ಯಾಕ ಹಂಗ ಮಾಡಿದಿ?"

ಒಲೆಯ ಮೇಲೆ ಕಡಲೆಹಿಟ್ಟಿನ ಪಿಠಲ ಕುದಿಯುತ್ತಿತ್ತು. ಬಾಯಿ ಅದರೊಳಗೆ ಚಮಚ ತಿರುವುತ್ತಲೇ ಇದ್ದರು. ಹೊಟ್ಟೆಕಿಚ್ಚು ಎಂಬ ಮಾತು ಅವರಿಗೆ ಮಕ್ಕಳ ನಡುವೆ ಕಾಣುತ್ತಿದ್ದ ಸಂಗತಿ. ಒಬ್ಬಳ ರಿಬ್ಬನ್ನು ಇನ್ನೊಬ್ಬಳು ಕದಿಯುತ್ತಾಳಲ್ಲ, ಅಂಥದ್ದು. ತನ್ನ ಎದೆಯೊಳಗೆ ಏರುತ್ತಿದ್ದ ಬಿಸಿಗೆ ಅವರು ಆ ಹೆಸರು ಇಡಲಿಲ್ಲ. 'ಶಿಕ್ಷಣದ ಗತಿ' ಎಂದು ಹೆಸರಿಟ್ಟರು.

ಮರುದಿನ ಗಂಡ ಮೊಬೈಲು ಮನೆಯಲ್ಲೇ ಬಿಟ್ಟು ತರಕಾರಿ ತರಲು ಹೋದಾಗ ಬಾಯಿ ಶರ್ವರಿಯ ವಿಡಿಯೋಗಳನ್ನು ಒಂದೊಂದಾಗಿ ನೋಡಲು ಕೂತರು. ಒಬ್ಬಳೇ ಮಾಸ್ತರ್ತಿ ಇರುವ ಪುಟ್ಟ ಶಾಲೆ, ತಗಡಿನ ಛಾವಣಿ, ಕುರುಬರ ಹಟ್ಟಿಯ ಮಕ್ಕಳು. ಎಲ್ಲದರಲ್ಲೂ ಶರ್ವರಿ ಮುಂದೆ, ಮಕ್ಕಳು ಹಿಂದೆ. ನೋಡುತ್ತ ನೋಡುತ್ತ ಬಾಯಿಯ ಕೈ ತಾನಾಗಿಯೇ ಚೀಲದ ಪೆನ್ಸಿಲು ಹುಡುಕಿತು. ಪೆನ್ಸಿಲಿನಿಂದ ಮಾಡುವುದೇನು? ಕೆಳಗೆ ಜನ ಬರೆದ ಅಭಿಪ್ರಾಯಗಳಿದ್ದವು. 'ಬಾಯಿ, ನೀವು ದೇವರು', 'ನಮ್ಮ ಮಗಳು ನಿಮ್ಮನ್ನು ನೋಡದೆ ಊಟ ಮಾಡುವುದಿಲ್ಲ'. ಹೂವು, ಹೃದಯ, ಮುಗಿದ ಕೈಗಳು.

ಸ್ವಂತ ಹೆಸರಿನಲ್ಲಿ ಬರೆಯಲು ಮನಸ್ಸಾಗಲಿಲ್ಲ. ಅವರ ತಾಯಿಯ ತವರು ನಾಸಿಕದ ಕಡೆ, ಗೋದಾವರಿಯ ದಂಡೆ. ಅಲ್ಲಿಯವರು ಆ ದಂಡೆಗೆ ಗೋದಾಕಾಠ ಎನ್ನುತ್ತಾರೆ. ಅದೇ ಹೆಸರಿನಲ್ಲಿ ಒಂದು ಖಾತೆ ತೆರೆದು, ಸುಗಂಧರಾಜ ಹೂವಿನ ಚಿತ್ರ ಹಾಕಿ, ಮೊದಲನೆಯ ಸಲ ಬರೆದರು. 'ಎರಡನೆಯ ಸಾಲಿನ ಹುಡುಗ ಮೂರು ಸಲ ಕೈ ಎತ್ತಿದ. ನೀವು ಕ್ಯಾಮೆರಾ ನೋಡುತ್ತಿದ್ದಿರಿ.'

ಆ ರಾತ್ರಿಯ ಊಟ ಬಹಳ ರುಚಿಯಾಗಿತ್ತು.

ಬೆಳಗ್ಗೆ ನೋಡಿದರೆ ಶರ್ವರಿಯ ಭಕ್ತರು ಗೋದಾಕಾಠದ ಮೇಲೆ ಮುಗಿಬಿದ್ದಿದ್ದರು. 'ಹೊಟ್ಟೆ ಉರೀತದೇನಪ್ಪಾ? ಮಜ್ಜಿಗೆ ಕುಡಿ' ಎಂದು ಒಬ್ಬ ಬರೆದಿದ್ದ. ಎಲ್ಲರ ಕೆಳಗೆ ಶರ್ವರಿಯ ಒಂದು ಸಾಲು ಇತ್ತು. 'ನಿಮ್ಮ ಮಾತು ಖರೆ. ಅವನ ಹೆಸರು ಬಿರೂ. ಇವತ್ತು ಮೊದಲು ಅವನನ್ನೇ ಕೇಳುತ್ತೇನೆ.'

ಮುಂದಿನ ವಿಡಿಯೋದಲ್ಲಿ ಮೊಬೈಲು ಜಾಗ ಬದಲಿಸಿತ್ತು. ಹಿಂದಿನ ಗೋಡೆಯ ಕಡೆಯಿಂದ ಮಕ್ಕಳ ಬೆನ್ನು, ಎತ್ತಿದ ಕೈಗಳು ಕಾಣುತ್ತಿದ್ದವು. ಶರ್ವರಿ ದೂರದಲ್ಲಿ ಸಣ್ಣಗೆ. ಬಿರೂ ಎದ್ದು ನಿಂತು ತಪ್ಪು ಉತ್ತರ ಹೇಳಿದ, ಅವಳು ಅವನ ತಪ್ಪನ್ನೇ ಹಿಡಿದು ಇಡೀ ಪಾಠ ಮಾಡಿದಳು. ಪಾಠ ಚೆನ್ನಾಗಿತ್ತು. ಅದನ್ನೇ ಬಾಯಿಗೆ ಸಹಿಸಲಾಗಲಿಲ್ಲ.

ಮತ್ತೆ ಬರೆದರು. 'ಪ್ರಶ್ನೆ ಕೇಳಿ ನೀವೇ ಉತ್ತರ ಹೇಳಿಬಿಟ್ಟಿರಿ. ಅಷ್ಟು ಅವಸರ ಯಾಕೆ? ಬಸ್ಸು ತಪ್ಪುತ್ತದೆಯೇ?' ಶರ್ವರಿ ಅದನ್ನೂ ಒಪ್ಪಿಕೊಂಡಳು. ಇನ್ನೊಮ್ಮೆ, 'ಹಾಡು ಮಗ್ಗಿಗೆ ಸರಿ. ಭಾಗಾಕಾರಕ್ಕೆ ಹಾಡು ಯಾಕೆ? ಮಕ್ಕಳ ಕೈಗೆ ಹುಣಸೇಬೀಜ ಕೊಡಿ' ಎಂದರು. ಶರ್ವರಿ ಹುಣಸೇಬೀಜ ಕೊಟ್ಟಳು. ಮಕ್ಕಳು ಬೀಜ ಹಂಚಿಕೊಳ್ಳುತ್ತ ಜಗಳಾಡಿ, ಜಗಳದೊಳಗೇ ಶೇಷ ಎಂದರೇನೆಂದು ಕಲಿತರು. ಆ ವಿಡಿಯೋವನ್ನು ಎಲ್ಲಕ್ಕಿಂತ ಹೆಚ್ಚು ಜನ ನೋಡಿದರು.

ಬಾಯಿಯ ಸಂಕಟ ಯಾರಿಗೆ ಹೇಳುವುದು? ಬೈಯಲು ಹೋದರೆ ಅದು ಅವಳಿಗೆ ಗೊಬ್ಬರವಾಗುತ್ತಿತ್ತು. ಬೈಯದೆ ಇರಲೂ ಆಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಶರ್ವರಿ ಏನು ಉತ್ತರ ಬರೆದಿದ್ದಾಳೆ ಎಂದು ನೋಡುವ ಚಟ ಹತ್ತಿತು. ಒಂದು ದಿನ ಉತ್ತರ ತಡವಾದರೆ ತರಗತಿಯಲ್ಲಿ ಸಿಡಿಮಿಡಿ. ಇಷ್ಟು ವರ್ಷ ಎಷ್ಟು ಜನಕ್ಕೆ ಹುಣಸೇಮರದ ಕೆಳಗೆ ನಿಲ್ಲಿಸಿ ಹೇಳಿದ್ದರು, ಯಾರೂ ಮರುದಿನವೇ ತಿದ್ದಿಕೊಂಡು ಬಂದು ತೋರಿಸಿರಲಿಲ್ಲ. ಇವಳು ತೋರಿಸುತ್ತಿದ್ದಳು. ಅದಕ್ಕೇ ಇನ್ನಷ್ಟು ಉರಿಯುತ್ತಿತ್ತು. ತನ್ನ ಒಲೆಯ ಮೇಲೆ ಬೇಯಿಸಿದ್ದನ್ನು ಅವಳು ಊರಿಗೆಲ್ಲ ಬಡಿಸಿ ಹೆಸರು ಮಾಡುತ್ತಿದ್ದಾಳೆ ಎಂದು.

ಹೀಗೇ ಒಂದು ವರ್ಷ ಕಳೆಯಿತು. ಆಷಾಢದ ಪಾದಯಾತ್ರೆಯ ಪಾಲಖಿ ಊರಲ್ಲಿ ತಂಗಿ ಹೋದ ಮಾರನೆಯ ವಾರ, ರಸ್ತೆಯ ಕಸ ಇನ್ನೂ ಪೂರ್ತಿ ಗುಡಿಸಿರಲಿಲ್ಲ, ಪ್ರಾಚಾರ್ಯ ಧುಮಾಳ ಸರ್ ಎಲ್ಲರನ್ನೂ ಕರೆದರು. ಅಧ್ಯಾಪಕ ಶಿಕ್ಷಣದಲ್ಲಿ ತಂತ್ರಜ್ಞಾನ ಮತ್ತು ಸಾಮಾಜಿಕ ಜಾಲತಾಣ, ಇದು ವಿಷಯ. ಒಂದು ದಿನದ ಚರ್ಚಾಸತ್ರ.

"ಮುಖ್ಯ ಅತಿಥಿ ನಮ್ಮ ಶರ್ವರಿ ಕಾಳೇಲ," ಎಂದರು ಸರ್. "ಆಕಿ ಬಂದ್ರ ನಮ್ಮ ಹೆಸರೂ ನಾಕ್ ಮಂದಿಗೆ ಗೊತ್ತಾಗತೈತಿ. ಮುಂದಿನ ವರ್ಷ ನಾಕ್ ಅರ್ಜಿ ಹೆಚ್ಚಿಗಿ ಬರ್ತಾವ. ಬಾಯಿ, ಅತಿಥಿ ಪರಿಚಯ ನೀವ ಮಾಡ್ರಿ. ನಿಮ್ಮ ಶಿಷ್ಯೆ ಅಲ್ಲೇನು?"

"ಆಕಿ ಹಂಗ ಹೇಳಿಲ್ಲಲ್ಲ," ಎಂದರು ಬಾಯಿ.

ಧುಮಾಳ ಸರ್ ನಕ್ಕರು. ಬಾಯಿ ನಗಲಿಲ್ಲ. ತೇಜಲ್ ಮತ್ತು ಅವಳ ಗೆಳತಿಯರು ಆಗಲೇ ಯಾವ ಸೀರೆ ಉಡಬೇಕು, ಶರ್ವರಿ ಬಾಯಿಯ ಜೊತೆ ಎಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಕು ಎಂಬ ಮಾತಿಗೆ ಇಳಿದಿದ್ದರು. ಹುಣಸೇಮರದ ಕೆಳಗೆ ಬೆಳಕು ಚೆನ್ನಾಗಿರುತ್ತದಂತೆ!

ಬಾಯಿ ಮಾಡಬಾರದ್ದನ್ನು ಮಾಡಿದ್ದು ಆ ಸಂಜೆ.

ಶರ್ವರಿ ಅಂದು ಹೊಸ ವಿಡಿಯೋ ಹಾಕಿದ್ದಳು. ಅಪೂರ್ಣಾಂಕದ, ಅಂದರೆ ಭಿನ್ನರಾಶಿಯ ಪಾಠ. ಅಲ್ಲಿಯವರು ಭಾಕರಿ ಎನ್ನುವ ಜೋಳದ ರೊಟ್ಟಿ ತಂದು ಮಕ್ಕಳ ಮುಂದೆ ಕೈಯಿಂದ ಹರಿದಳು. ನಾಲ್ಕು ತುಂಡು. ಒಂದೊಂದು ತುಂಡು ಎತ್ತಿ, 'ಇದು ಪಾವು, ಅಂದರೆ ಕಾಲು ಭಾಗ. ಇದೂ ಪಾವು' ಎಂದಳು. ಭಾಕರಿ ಕೈಯಿಂದ ಹರಿದರೆ ಸಮವಾಗಿ ಹರಿಯುತ್ತದೆಯೇ? ಒಂದು ತುಂಡು ದೊಡ್ಡದು, ಒಂದು ಅಂಗೈಯಷ್ಟೂ ಇಲ್ಲ. ಸಮಭಾಗ ಎನ್ನುವ ಮಾತೇ ಅವಳ ಬಾಯಿಂದ ಬರಲಿಲ್ಲ. ಮೊದಲಿನ ಗೋದಾಕಾಠವಾಗಿದ್ದರೆ, 'ಸಣ್ಣ ತುಂಡು ಸಿಕ್ಕ ಮಗುವಿನ ಮುಖ ನೋಡಿ, ಪಾಠ ಅಲ್ಲಿಂದ ಶುರು ಮಾಡಿ' ಎಂದು ಬರೆಯುತ್ತಿತ್ತು. ಆ ಸಾಲು ಬಾಯಿಯ ಮನಸ್ಸಿಗೆ ಬಂದೂ ಇತ್ತು. ಅದನ್ನು ಬರೆದರೆ ಏನಾಗುತ್ತದೆ? ನಾಳೆ ಅವಳು ಇನ್ನೂ ಒಳ್ಳೆಯ ವಿಡಿಯೋ ಹಾಕುತ್ತಾಳೆ. ಚರ್ಚಾಸತ್ರದ ದಿನ ವೇದಿಕೆಯ ಮೇಲೆ ಕೂರುತ್ತಾಳೆ. ತಾನು ಮೈಕಿನ ಮುಂದೆ ನಿಂತು ಅವಳ ಗುಣಗಾನ ಮಾಡಬೇಕು.

ಆ ಭಾಗವನ್ನಷ್ಟೇ ಕತ್ತರಿಸಿ, ಸಾವಿರಾರು ಮಾಸ್ತರರಿರುವ ಒಂದು ಗುಂಪಿನಲ್ಲಿ ಗೋದಾಕಾಠದ ಹೆಸರಿನಿಂದ ಹಾಕಿದರು. ಮೇಲೆ ಬರೆದರು. 'ಮಹಾರಾಷ್ಟ್ರದ ಮಕ್ಕಳು ಇವರಿಂದ ಗಣಿತ ಕಲಿಯಬೇಕೇ? ಇವರಿಗೆ ಡಿ.ಎಡ್. ಕೊಟ್ಟವರು ಯಾರು?'

ಮೊದಲ ಗಂಟೆಯಲ್ಲಿ ನಾಲ್ಕು ಜನ ಚಪ್ಪಾಳೆ ತಟ್ಟಿದರು. ಗಂಡನಿಗೆ ಶೀರಾ ಮಾಡಿಕೊಟ್ಟು, ತಾನೂ ಎರಡು ಸಲ ಹಾಕಿಸಿಕೊಂಡು ತಿಂದು ಬಾಯಿ ಮಲಗಿದರು.

ಬೆಳಗಾಗುವುದರೊಳಗೆ ಅದು ಅವರ ಕೈ ಮೀರಿತ್ತು. ಭಾಕರಿಯ ತುಂಡು ಹಿಡಿದ ಶರ್ವರಿಯ ಚಿತ್ರ ಎಲ್ಲರ ಮೊಬೈಲಿನಲ್ಲಿ. 'ಪಾವು ಬಾಯಿ' ಎಂದು ಹೆಸರು ಬಿತ್ತು. ಯಾರೋ ಅದಕ್ಕೆ ಡೋಲು ಬಡಿದು ಹಾಡು ಕೂಡಿಸಿದರು. ಆ ಮೇಲೆ ಗಣಿತ ಯಾರಿಗೂ ಬೇಕಾಗಲಿಲ್ಲ. ಅವಳ ಸೀರೆ, ಅವಳ ಸೊಂಟ, ಅವಳ ಜಾತಿ, ಗಂಡನನ್ನು ಬಿಟ್ಟು ಯಾಕೆ ಒಬ್ಬಳೇ ಆ ಹಟ್ಟಿಯಲ್ಲಿ ಇದ್ದಾಳೆ ಎಂಬ ಮಾತು. ಕೆಲವರು ಮಾಸ್ತರರೇ. ಬಾಯಿ ಕಲಿಸಿದ ಒಬ್ಬ ಹುಡುಗನ ಹೆಸರೂ ಅಲ್ಲಿತ್ತು. ಅವನು ಬರೆದದ್ದನ್ನು ಬಾಯಿ ಎರಡು ಸಲ ಓದಿದರು. ತಾವು ಹಾಕಿದ್ದನ್ನು ಅಳಿಸಿದರು. ಅಳಿಸಿದ್ದರಿಂದ ಏನೂ ಆಗಲಿಲ್ಲ. ಅದರ ಚಿತ್ರ ಆಗಲೇ ಊರೂರು ತಿರುಗುತ್ತಿತ್ತು.

'ಡಿ.ಎಡ್. ಕೊಟ್ಟವರು ಯಾರು' ಎಂಬ ಪ್ರಶ್ನೆಗೂ ಯಾರೋ ಉತ್ತರ ಹುಡುಕಿ ಕೊಟ್ಟಿದ್ದರು. ಫಲಟಣದ ವಿದ್ಯಾಲಯದ ಹೆಸರು ಬಂತು. ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮಾರುವವನು ತೇಜಲ್‌ಳನ್ನು, "ಏನ್ ಬಾಯಿ, ಪಾವ ಕಿಲೋ ಕೊಡ್ಲೋ, ನಿಮ್ಮ ಕಾಲೇಜಿನ ಪಾವ ಕೊಡ್ಲೋ?" ಎಂದು ಕೇಳಿದನಂತೆ. ಅವಳು ಬಂದು ತರಗತಿಯಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. "ಆ ಗೋದಾಕಾಠ ಅನ್ನಾವನ ಕೈ ಸೇದಿ ಹೋಗ್ಲಿ!"

ಬಾಯಿ ತಮ್ಮ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡರು.

ಶರ್ವರಿ ವಿಡಿಯೋ ಹಾಕುವುದು ನಿಲ್ಲಿಸಿದಳು. ಅವಳಿಂದ ಮೇಲಿನವರು ಲಿಖಿತ ಉತ್ತರ ಕೇಳಿದ್ದಾರೆಂದು ಸುದ್ದಿ ಬಂತು. ಧುಮಾಳ ಸರ್ ಬಾಯಿಯನ್ನು ಕರೆದು, "ಆಕೀನ ಕರೆಯೂದು ಬ್ಯಾಡ ಬಾಯಿ. ಗದ್ದಲದಾಗ ನಾವ್ಯಾಕ ಬೀಳೂದು? ನೀವ ಮುಖ್ಯ ಭಾಷಣ ಮಾಡಿಬಿಡ್ರಿ," ಎಂದರು.

ಒಂದು ತಿಂಗಳ ಹಿಂದೆ ಈ ಮಾತಿಗೆ ಬಾಯಿ ದೇವರಿಗೆ ತೆಂಗಿನಕಾಯಿ ಒಡೆಯುತ್ತಿದ್ದರು. ಈಗ ಮಾತು ಬೇರೆಯೇ ಬಂತು. "ಕರೀರಿ. ಆಕಿ ಬರ್ದಿದ್ರ ನಾನೂ ಮಾತಾಡೂದಿಲ್ಲ."

"ಭಾರೀ ಮಾಯೆ-ಮಮತೆ ಐತಿ ಶಿಷ್ಯೆ ಮ್ಯಾಲೆ!" ಎಂದರು ಸರ್.

ಮಮತೆ ಅಲ್ಲ. ಬೆಳಗ್ಗೆ ಎದ್ದರೆ ನೋಡಲು ಏನೂ ಇರುತ್ತಿರಲಿಲ್ಲ. ಸಿಟ್ಟು ಮಾಡಲೂ ಯಾರಿಲ್ಲದೆ ಬಾಯಿಗೆ ದಿನ ಹೋಗುತ್ತಿರಲಿಲ್ಲ. ಅಪರಾಧದ ಭಾರ ಇತ್ತು, ಸುಳ್ಳಲ್ಲ. ಆದರೆ ಅದರ ಕೆಳಗೆ ಈ ಬರಿದಾದ ಬೆಳಗೂ ಇತ್ತು.

ಶರ್ವರಿ ಬಂದಳು. ದಹಿವಡಿಯ ಕಡೆಯ ಕೆಂಪು ಬಸ್ಸಿಳಿದು, ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು ನಡೆದೇ ಬಂದಳು. ವಿಡಿಯೋದಲ್ಲಿ ಎತ್ತರ ಕಾಣುತ್ತಿದ್ದವಳು ಬಾಯಿಯ ಭುಜಕ್ಕೂ ಬರುತ್ತಿರಲಿಲ್ಲ. ಕಣ್ಣ ಕೆಳಗೆ ಕಪ್ಪು. ಬಾಗಿ ಬಾಯಿಯ ಕಾಲು ಮುಟ್ಟಿದಳು. ಬಾಯಿ ಪರಿಚಯದ ನಾಲ್ಕು ಮಾತು ಓದಿ ಕೂತರು. ಓದಿದ್ದು ತಮಗೇ ಕೇಳಿಸಲಿಲ್ಲ.

ಶರ್ವರಿ ಮೈಕು ಬದಿಗಿಟ್ಟು ಮಾತಾಡಿದಳು.

"ನಿಮಗೆಲ್ಲಾ ಭಾಕರಿ ಸುದ್ದಿ ಬೇಕಾಗಿರಬೇಕು. ಅದನ್ನ ಮೊದಲ ಹೇಳಿಬಿಡ್ತೀನಿ. ತಪ್ಪು ನಂದ. ಸಮಭಾಗ ಅನ್ನಬೇಕಾಗಿತ್ತು, ಅನ್ನಲಿಲ್ಲ. ಮರುದಿನ ಶಾಲ್ಯಾಗ ತಿದ್ದಿದೆ. ಸಣ್ಣ ತುಂಡು ಸಿಕ್ಕ ಹುಡುಗಿ ಹೇಳಿದ್ಲು, 'ಬಾಯಿ, ನಂದು ಪಾವಲ್ಲ, ಮೋಸ!' ಆಕಿಗೆ ಅಪೂರ್ಣಾಂಕ ಬಂತು. ಆದ್ರ ಅದನ್ನ ವಿಡಿಯೋ ಮಾಡಾಕ ಕೈ ಬರಲಿಲ್ಲ."

ಶರ್ವರಿ ಮೇಜಿನ ಮೇಲಿದ್ದ ನೀರು ಕುಡಿದು ಮುಂದುವರಿಸಿದಳು.

"ವಿಡಿಯೋ ಯಾಕ ಮಾಡಾಕ ಶುರು ಮಾಡಿದೆ ಅಂತ ಎಲ್ಲಾರೂ ಕೇಳ್ತಾರ. ಹೆಸರಿಗೆ ಅಂತಾರ. ಹೆಸರು ಯಾರಿಗೆ ಬ್ಯಾಡ? ಆದ್ರ ಖರೇ ಹೇಳಬೇಕಂದ್ರ, ನಮ್ಮ ಶಾಲ್ಯಾಗ ನಾ ಒಬ್ಬಾಕಿ. ನಾ ಹೆಂಗ ಕಲಿಸಿದ್ನಿ ಅಂತ ನೋಡಾವರು ಯಾರೂ ಇಲ್ಲ. ಸಾಹೇಬ್ರು ಬಂದ್ರ ಹಾಜರಿ ಪುಸ್ತಕ ನೋಡ್ತಾರ, ಊಟದ ಅಕ್ಕಿ ನೋಡ್ತಾರ, ಹೋಗ್ತಾರ. ಇಲ್ಲೆ ಇದ್ದಾಗ ಹಿಂದಿನ ಬೆಂಚಿನ ಮ್ಯಾಲೆ ಬಾಯಿ ಕುಂದರ್ತಿದ್ರು. ಅಂಜಿಕಿ ಆಗ್ತಿತ್ತು. ಹೊರಗ ಹೋದ ಮ್ಯಾಲೆ ಅಂಜಿಕಿ ಹೋತು, ನೋಡಾವರೂ ಹೋದ್ರು. ಮೊಬೈಲ್ ಇಟ್ಟಿದ್ದು ಅದಕ್ಕ. ಯಾರಾದ್ರೂ ಹಿಂದ ಕುಂತು ನೋಡ್ಲಿ ಅಂತ. ಲಕ್ಷ ಮಂದಿ ನೋಡಿದ್ರು, ಹೂವು ಹಾಕಿದ್ರು. ಪಾಠ ನೋಡಿದಾವ್ರು ಒಬ್ಬರ. ಗೋದಾಕಾಠ."

ಸಾಲುಗಳಲ್ಲಿ ಗುಸುಗುಸು. ತೇಜಲ್ ಎದ್ದು, "ಅವನ ಅಲ್ಲೇನ್ರಿ ನಿಮ್ಮ ಮಾನ ತಗದಾಂವ?" ಎಂದಳು.

"ಹೌದು. ಅದ ನನಗ ಸೇರಿಲ್ಲ, ಅದರ ಸಂಕಟ ಇನ್ನೂ ಹೋಗಿಲ್ಲ. ಆದ್ರ ಅದಕ್ಕಿಂತ ಮೊದಲ ಒಂದು ವರ್ಷ ಆ ಮನುಷ್ಯಾ ನನಗ ಕಲಿಸಿದ್ದು ಸುಳ್ಳೇನು? ನಾಸಿಕದ ಕಡೆ ಯಾರೋ ನಿವೃತ್ತ ಗುರೂಜಿ ಇರಬೇಕು. ನಾಲಿಗಿ ಭಾಳ ಖಾರ, ಕಣ್ಣು ಭಾಳ ಸೂಕ್ಷ್ಮ. ನಾ ಇವತ್ತ ಮಾಸ್ತರ್ತಿ ಆಗಿದ್ರ ಆ ಗುರೂಜಿ ಸಲವಾಗಿ. ಸಿಕ್ರ ಮೊದಲ ಜಗಳಾ ಮಾಡ್ತೀನಿ, ಆಮ್ಯಾಲೆ ಕಾಲ ಮುಟ್ಟತೀನಿ."

ಧುಮಾಳ ಸರ್ ಸುಮ್ಮನಿರದೆ, "ಮತ್ತ ನಮ್ಮ ಇಂಗವಲೆ ಬಾಯಿ?" ಎಂದರು.

ಶರ್ವರಿ ಬಾಯಿಯ ಕಡೆ ತಿರುಗಿ ಮೃದುವಾಗಿ ನಕ್ಕಳು. "ಬಾಯಿ ನನಗ ಅಂಜಿಕಿ ಕಲಿಸಿದ್ರು. ಅದೂ ಬೇಕಾಗತೈತಿ."

ಎಲ್ಲರೂ ನಕ್ಕರು. ಬಾಯಿಯೂ ನಕ್ಕಂತೆ ಮಾಡಿದರು. ಅವರ ಒಳಗೆ ಎದ್ದದ್ದು ಏನೆಂದು ಹೇಳುವುದು? ಇಷ್ಟು ದಿನ ಶರ್ವರಿಯ ಮೇಲೆ ಉರಿಯುತ್ತಿದ್ದ ಕಿಚ್ಚು ದಿಕ್ಕು ಬದಲಿಸಿ ಆ ಗುರೂಜಿಯ ಕಡೆ ತಿರುಗಿತು. ನಾಸಿಕದ ನಿವೃತ್ತ ಗುರೂಜಿ! ಹುಟ್ಟೇ ಇಲ್ಲದ ಮನುಷ್ಯ! ಪಂಚೆ ಉಟ್ಟು, ಕೋಲು ಹಿಡಿದು, ಗೋದಾವರಿಯ ದಂಡೆಯ ಮೇಲೆ ನಿಂತು ಇಂಗವಲೆ ಬಾಯಿಯ ಕಣ್ಣನ್ನು ತನ್ನದೆಂದು ಹೇಳಿಕೊಳ್ಳುತ್ತಿದ್ದಾನೆ. ತನ್ನ ಪೆನ್ಸಿಲಿನ ಒಂದೊಂದು ಗೀಟೂ ಅವನ ಹೆಸರಿಗೆ ಹೋಯಿತು. ತನ್ನ ಪಾಲಿಗೆ ಬಂದದ್ದು ಅಂಜಿಕೆ. ಚಹಾದ ಹೊತ್ತಿಗೆ ಬಾಯಿ ಬಿಸ್ಕತ್ತು ಮುಟ್ಟಲಿಲ್ಲ.

ಸಂಜೆ ಶರ್ವರಿಯನ್ನು ಬಸ್ ನಿಲ್ದಾಣದ ತನಕ ಕಳಿಸಿ ಬರಲು ಬಾಯಿಯೇ ಹೋದರು. ಬಸ್ಸು ಇನ್ನೂ ಬಂದಿರಲಿಲ್ಲ. ಕಬ್ಬಿನ ಹಾಲಿನ ಗಾಣದ ಗೆಜ್ಜೆ ಸದ್ದು ಮಾಡುತ್ತಿತ್ತು. ಶರ್ವರಿ ಎರಡು ಲೋಟ ತಂದಳು.

"ಬಾಯಿ, ನಿಮಗ ಬ್ಯಾಸರ ಆತೇನ್ರಿ ನಾ ಅಂದಿದ್ದು?"

"ಯಾವುದು?"

"ಅಂಜಿಕಿ ಅಂದಿದ್ದು."

"ಗುರೂಜಿ ಅಲ್ಲ ಆಂವ," ಎಂದರು ಬಾಯಿ. ಲೋಟ ಕೈಯಲ್ಲೇ ಇತ್ತು. "ನಾಸಿಕದಾವನೂ ಅಲ್ಲ. ನಾನ."

ಶರ್ವರಿಗೆ ತಿಳಿಯಲಿಲ್ಲ. "ಏನ್ ನೀವು?"

"ಗೋದಾಕಾಠ. ಬಿರೂ ಕೈ ಎತ್ತಿದ್ದು ನೋಡಿದಾಕಿ ನಾನು. ಹುಣಸೇಬೀಜ ಕೊಡು ಅಂದಾಕಿ ನಾನು. ಯಾವ ಗುರೂಜೀನೂ ಇಲ್ಲ."

ಬಾಯಿ ಇದನ್ನು ತಪ್ಪೊಪ್ಪಿಗೆಯ ದನಿಯಲ್ಲಿ ಹೇಳಲಿಲ್ಲ. ತನ್ನ ಕೊಡವನ್ನು ಬೇರೆಯವರು ಎತ್ತಿಕೊಂಡು ಹೋಗುತ್ತಿದ್ದರೆ ನಲ್ಲಿಯ ಹತ್ತಿರ ಹೆಂಗಸು ಹೇಗೆ ಹೇಳುತ್ತಾಳೋ ಹಾಗೆ ಹೇಳಿದರು. ಹೇಳಿದ ಮೇಲೆ ಎದೆ ಹಗುರಾಯಿತು. ಆಮೇಲಷ್ಟೇ ಶರ್ವರಿಯ ಮುಖ ನೋಡಿದರು.

ಅವಳು ಒಂದೇ ಮಾತು ಕೇಳಿದಳು. "ಭಾಕರಿದೂ ನೀವ ಹಾಕಿದ್ರೇನು?"

ಬಾಯಿ ತಲೆಯಾಡಿಸಿದರು.

"ಯಾಕ ಬಾಯಿ?"

ಉತ್ತರ ಬಾಯಿಗೆ ಗೊತ್ತಿತ್ತು. ಅದನ್ನು ಹೇಳಲು ಇಷ್ಟು ದಿನ ಬೇಕಾಯಿತು. "ಹೊಟ್ಟೆಕಿಚ್ಚು," ಎಂದರು. "ಮತ್ತೇನೂ ಇಲ್ಲ. ಟಿ.ವಿ.ಯಾಗ ನನ್ನ ಹೆಸರು ಹೇಳಲಿಲ್ಲ ನೀನು."

ಶರ್ವರಿ ಬಸ್ಸು ಬರುವ ದಾರಿಯ ಕಡೆ ತಿರುಗಿದಳು. "ನನ್ನ ತಮ್ಮ ಕಾಲೇಜ್ ಬಿಟ್ಟು ಮನ್ಯಾಗ ಕುಂತಾನ, ಗೆಳ್ಯಾರು 'ಪಾವು ಬಾಯಿ ತಮ್ಮ' ಅಂತಾರಂತ. ನನ್ನ ಅತ್ತಿ ಮನಿಯಾವ್ರು ಫೋನ್ ಮಾಡಿ ನಕ್ಕರು. ನಾ ಯಾರೋ ಗೊತ್ತಿಲ್ಲದ ಮುದುಕ ಅಂತ ತಡಕೊಂಡೆ ಬಾಯಿ. ಗೊತ್ತಿದ್ದಾವರು ಅಂತ ತಿಳಿದಿದ್ರ ತಡಕೋತಿದ್ದಿಲ್ಲ."

ಬಸ್ಸು ಬಂತು. ಅವಳು ಲೋಟವನ್ನು ಗಾಣದ ಕಟ್ಟೆಯ ಮೇಲಿಟ್ಟು ಹತ್ತಿದಳು. ಕಾಲು ಮುಟ್ಟಲಿಲ್ಲ, ಕಿಟಕಿಯಿಂದ ನೋಡಲೂ ಇಲ್ಲ. ಬಸ್ಸು ಹೊರಳಿದ ಮೇಲೂ ಬಾಯಿ ಅಲ್ಲೇ ನಿಂತಿದ್ದರು. ಎರಡು ಲೋಟದ ದುಡ್ಡನ್ನೂ ಶರ್ವರಿ ಕೊಟ್ಟಿದ್ದಾಳೆಂದು ಗಾಣದವನು ಹೇಳಿದ.

ಮರುದಿನ ಬಾಯಿ ತರಗತಿಯಲ್ಲಿ ನಿಂತು, ಗೋದಾಕಾಠ ಯಾರೆಂದು ಹೇಳಿದರು. ಹೆಚ್ಚು ಮಾತಾಡಲಿಲ್ಲ. ತೇಜಲ್ ಎದ್ದು ಹೊರಗೆ ಹೋದಳು. ಉಳಿದವರು ತಲೆ ತಗ್ಗಿಸಿದರು. ಆ ಮಾಸ್ತರರ ಗುಂಪಿನಲ್ಲೂ ತಮ್ಮ ಸ್ವಂತ ಹೆಸರಿನಿಂದ, ತಮ್ಮದೇ ಚಿತ್ರ ಹಾಕಿ ಬರೆದರು. ಪಾಠದಲ್ಲಿ ಇದ್ದ ತಪ್ಪು ಯಾವುದು, ಅದನ್ನು ಹೇಳುವ ರೀತಿಯಲ್ಲಿ ತಾವು ಮಾಡಿದ ತಪ್ಪು ಯಾವುದು ಎಂದು. ಈಗ ಡೋಲಿನ ಸರದಿ ಅವರದಾಯಿತು. 'ಮುದುಕಿಗೆ ಇದೆಲ್ಲ ಯಾಕೆ' ಎಂದರು, ಅದಕ್ಕಿಂತ ಕೆಟ್ಟದ್ದನ್ನೂ ಅಂದರು. ಧುಮಾಳ ಸರ್ ಕೆಲವು ತಿಂಗಳು ಅವರಿಗೆ ಅಭ್ಯಾಸ ಪಾಠದ ಕೆಲಸ ಕೊಡಲಿಲ್ಲ.

ಭಾಸ್ಕರರಾವ್ ಎಲ್ಲ ಕೇಳಿಸಿಕೊಂಡು, "ನನ್ನ ಮೊಬೈಲಿನಾಗ ಎಂಥಾ ಕಾರಭಾರ ನಡದಿತ್ತಲ್ಲ ಮಾರಾಯ್ತಿ!" ಎಂದರು. ರಾತ್ರಿ ಊಟಕ್ಕೆ ಕೂತಾಗ, "ನಾ ಆಕೀನ ಹೊಗಳಿದಾಗ ನೀ ಮಾರಿ ಹಂಗ್ಯಾಕ ಮಾಡ್ತಿದ್ದಿ ಅಂತ ಈಗ ತಿಳೀತು. ನನಗ ಒಂದು ಮಾತು ಹೇಳಬಾರದಾಗಿತ್ತೇನು? ನಿನ್ನೂ ಹೊಗಳ್ತಿದ್ದೆ," ಎಂದರು.

"ನೀವು ಹೊಗಳಿದ್ರ ಸಾಲ್ತಿದ್ದಿಲ್ಲ," ಎಂದರು ಬಾಯಿ. ಅದು ನಿಜವೇ ಆಗಿತ್ತು.

ದೀಪಾವಳಿ ಕಳೆದ ಮೇಲೆ ಒಂದು ದಿನ ಬಾಯಿಯ ಮೊಬೈಲಿಗೆ ಶರ್ವರಿಯ ವಿಡಿಯೋ ಬಂತು. ಎಲ್ಲೂ ಹಾಕದ್ದು, ಅವರಿಗಷ್ಟೇ ಕಳಿಸಿದ್ದು. ಮೂರನೆಯ ತರಗತಿಯ ಮಕ್ಕಳು, ಗಡಿಯಾರದ ಪಾಠ. ಜೊತೆಗೆ ಒಂದು ಅಕ್ಷರವೂ ಇರಲಿಲ್ಲ. ನಮಸ್ಕಾರವೂ ಇಲ್ಲ. ಬಾಯಿ ಮೂರು ಸಲ ನೋಡಿ, ಕೊನೆಗೆ ಎರಡು ಸಾಲು ಬರೆದು ಕೆಳಗೆ ತಮ್ಮ ಪೂರ್ತಿ ಹೆಸರು ಹಾಕಿದರು. ಇಂದುಮತಿ ಇಂಗವಲೆ. ಒಂದು ವಾರ ಬಿಟ್ಟು ಇನ್ನೊಂದು ಪಾಠ ಬಂತು.

ಹೀಗೆ ಅವರಿಬ್ಬರ ವ್ಯವಹಾರ ಶುರುವಾಯಿತು. ಶರ್ವರಿ ಕ್ಷಮಿಸಿದ್ದೇನೆ ಎಂದು ಯಾವತ್ತೂ ಹೇಳಲಿಲ್ಲ. ಹಬ್ಬಕ್ಕೆ ಶುಭಾಶಯ ಕಳಿಸಲಿಲ್ಲ. ಪಾಠ ಕಳಿಸುತ್ತಿದ್ದಳು, ಬಾಯಿ ಹೇಳುತ್ತಿದ್ದರು, ಅವಳು ತಿದ್ದಿಕೊಳ್ಳುತ್ತಿದ್ದಳು, ಕೆಲವೊಮ್ಮೆ ವಾದ ಮಾಡುತ್ತಿದ್ದಳು. ವಾದದಲ್ಲಿ ಅವಳದೇ ಸರಿ ಎನಿಸಿದ ದಿನ ಬಾಯಿಗೆ ಊಟ ಸೇರುತ್ತಿರಲಿಲ್ಲ. ನಿಧಾನವಾಗಿ ಅವಳು ಮತ್ತೆ ಎಲ್ಲರಿಗಾಗಿಯೂ ವಿಡಿಯೋ ಹಾಕತೊಡಗಿದಳು. ಅವಳ ತಮ್ಮ ಕಾಲೇಜಿಗೆ ಮರಳಿದ. ಜಿಲ್ಲೆಯ ಆದರ್ಶ ಶಿಕ್ಷಕರ ಯಾದಿಯಲ್ಲಿ ಅವಳ ಹೆಸರು ಬಂದಾಗ ಬಾಯಿ ಅಭಿನಂದನೆ ಬರೆಯಲು ಕೂತು, ನಾಲ್ಕು ಸಲ ಬರೆದು ಅಳಿಸಿ, ಕೊನೆಗೆ ಕಳಿಸಿದ್ದು ಮರುದಿನ.

ಬಾಯಿಯ ನಿವೃತ್ತಿಯ ವರ್ಷ ಶರ್ವರಿಯಿಂದ ಎಂದಿಗಿಂತ ಉದ್ದದ ಸಂದೇಶವೊಂದು ಬಂತು. ಪುಣೆಯ ಒಬ್ಬ ಪ್ರಾಧ್ಯಾಪಿಕೆ ತನ್ನ ಪಾಠಗಳನ್ನು ನೋಡಲು ಒಪ್ಪಿದ್ದಾರೆ, ಬಹಳ ಒಳ್ಳೊಳ್ಳೆಯ ಸೂಚನೆ ಕೊಡುತ್ತಾರೆ, ಅವರ ಮಾತಿನಲ್ಲಿ ಸಿಟ್ಟೇ ಇಲ್ಲ ಎಂದು ಅವಳು ಬರೆದಿದ್ದಳು.

ಬಾಯಿ ಮೊಬೈಲನ್ನು ಬೋರಲು ಹಾಕಿದರು. ಸ್ವಲ್ಪ ಹೊತ್ತು ಮೆಂತ್ಯೆ ಸೋಸಿದರು. ಸೊಪ್ಪಿನ ಜೊತೆ ದಂಟೂ ಬುಟ್ಟಿಗೆ ಬೀಳುತ್ತಿತ್ತು.

"ಅಹೋ," ಎಂದು ಗಂಡನನ್ನು ಕೂಗಿದರು. "ನಿಮಗ ಪುಣೇದಾಗ ಭಾಳ ಮಂದಿ ಗುರ್ತಿನಾವ್ರು ಅದಾರಲ್ಲ. ಒಂದು ಹೆಸರು ಹೇಳ್ತೀನಿ. ಈ ಬಾಯಿ ಯಾರು, ಆಕಿ ಸ್ವತಃ ಯಾವತ್ತಾದ್ರೂ ಮೂರನೇ ಕ್ಲಾಸಿಗೆ ಕಲಿಸ್ಯಾಳೇನು, ಒಂದೀಟು ಕೇಳಿ ನೋಡ್ರಿ."